ಮನದ ಮಾತಿಗೆ ಯಂತ್ರದ ಕಿವಿ

ಮೆದುಳಿನ ಇಇಜಿ ಪರೀಕ್ಷೆಗೆ ದಿನ ಗೊತ್ತುಮಾಡಿಕೊಂಡು ಹೊರಡುವ ರೋಗಿಗೆ ಆಸ್ಪತ್ರೆಯವರು ತಪ್ಪದೆ ಹೇಳಿ ಕಳಿಸುವ ಮಾತೊಂದಿದೆ: ‘ಬರುವ ದಿನ ತಲೆಗೆ ಸ್ನಾನ ಮಾಡಿಕೊಂಡು ಬನ್ನಿ, ಎಣ್ಣೆ ಮಾತ್ರ ಹಚ್ಚಬೇಡಿ.’ ಹಳ್ಳಿಯಿಂದ ಬಂದ ಎಷ್ಟೋ ಮಂದಿಗೆ ಇದು ವಿಚಿತ್ರವೆನಿಸುತ್ತದೆ. ತಲೆನೋವೆಂದರೆ ನೆತ್ತಿಗೆ ಎಣ್ಣೆ ತಟ್ಟುವ ನಾಡು ನಮ್ಮದು. ತಲೆಯ ಕಾಯಿಲೆಗೇ ಎಣ್ಣೆ ಬೇಡವೆಂದರೆ ಹೇಗೆ?

ಕಾರಣ ಸರಳ. ತಲೆಯ ಚರ್ಮದ ಮೇಲೆ ಅಂಟಿಸುವ ಪುಟ್ಟ ಲೋಹದ ಬಿಲ್ಲೆಗಳು ಹಿಡಿಯಬೇಕಾದ ವಿದ್ಯುತ್ತು ಅತ್ಯಂತ ಕ್ಷೀಣವಾದದ್ದು. ಅದನ್ನು ಅಳೆಯುವುದು ಮೈಕ್ರೋವೋಲ್ಟುಗಳಲ್ಲಿ, ಅಂದರೆ ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದಲ್ಲಿ. ಟಾರ್ಚಿನ ಒಂದು ಸೆಲ್ಲು ಕೊಡುವ ಒಂದೂವರೆ ವೋಲ್ಟನ್ನು 30,000 ಪಾಲು ಮಾಡಿದರೆ ಬರುವ ಒಂದು ಪಾಲು 50 ಮೈಕ್ರೋವೋಲ್ಟು. ಮೆದುಳಿನಿಂದ ಹೊರಟು, ತಲೆಬುರುಡೆಯನ್ನು ದಾಟಿ ಚರ್ಮಕ್ಕೆ ಬರುವ ಹೊತ್ತಿಗೆ ಉಳಿದಿರುವುದು ಹೆಚ್ಚುಕಡಿಮೆ ಅಷ್ಟೇ. ಅದಕ್ಕೆ ಕೊಬ್ಬರಿ ಎಣ್ಣೆಯ ತೆಳುವಾದ ಪದರವೂ ಅಡ್ಡಗೋಡೆಯಾಗಬಲ್ಲದು.

ಈ ಕ್ಷೀಣ ವಿದ್ಯುತ್ತನ್ನು ಕಾಯಿಲೆ ಪತ್ತೆಹಚ್ಚಲು ಬಳಸುವುದು ಹಳೆಯ ಮಾತಾಯಿತು. ಅದನ್ನೇ ಅಪ್ಪಣೆಯಾಗಿ ಬಳಸಬಹುದೇ? ಕೈಕಾಲು ಆಡದ, ನಾಲಿಗೆ ಹೊರಳದ ಮನುಷ್ಯ ಬರೀ ಯೋಚನೆಯಿಂದ ಕಂಪ್ಯೂಟರಿಗೆ ಹೇಳಿ ತನ್ನ ಕೆಲಸ ಮಾಡಿಸಿಕೊಳ್ಳಬಹುದೇ? ‘ಮೆದುಳು-ಗಣಕ ಸಂಪರ್ಕ’ ಎಂದು ಕರೆಯಬಹುದಾದ ತಂತ್ರಜ್ಞಾನದ ಕಥೆ ಇದು. ಕಥೆ ಶುರುವಾಗುವುದು ಇಂಗ್ಲೆಂಡು, ಜರ್ಮನಿಗಳಲ್ಲಿ. ಆದರೆ ಅದು ಎಬ್ಬಿಸುವ ಪ್ರಶ್ನೆಗಳು ಹೊಸೂರು ರಸ್ತೆ, ಜಯನಗರ, ಜೆ.ಪಿ. ನಗರಗಳ ಬಾಗಿಲಿಗೂ ಬಂದು ನಿಲ್ಲುತ್ತವೆ.

ಕುದುರೆಯಿಂದ ಬಿದ್ದ ಯುವಕ

ಪ್ರಾಣಿಗಳ ಮೆದುಳಿನಲ್ಲಿ ವಿದ್ಯುತ್ತು ಹರಿಯುತ್ತದೆಂದು ಮೊದಲು ತೋರಿಸಿಕೊಟ್ಟವನು ಲಿವರ್‌ಪೂಲ್‌ನ ವೈದ್ಯ ರಿಚರ್ಡ್ ಕೇಟನ್. 1875ರಲ್ಲಿ ಅವನು ಮೊಲ ಮತ್ತು ಮಂಗಗಳ ಮೆದುಳಿನ ಮೇಲ್ಮೈಗೆ ತಂತಿ ತಾಗಿಸಿ, ವಿದ್ಯುನ್ಮಾಪಕದ ಮುಳ್ಳು ಅಲುಗುವುದನ್ನು ಕಂಡ. ಮನುಷ್ಯರ ವಿಷಯದಲ್ಲಿ ಇದೇ ಕೆಲಸ ನಡೆಯಲು ಮುಂದೆ ಅರ್ಧ ಶತಮಾನವೇ ಬೇಕಾಯಿತು.

ಅದನ್ನು ಮಾಡಿದವನು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ಅವನನ್ನು ಈ ದಾರಿಗೆ ಎಳೆದ ಪ್ರಸಂಗ ಕುತೂಹಲಕಾರಿ. ಯುವಕನಾಗಿ ಸೈನ್ಯದ ತರಬೇತಿಯಲ್ಲಿದ್ದಾಗ ಅವನು ಕುದುರೆಯಿಂದ ಬಿದ್ದು, ಫಿರಂಗಿ ಬಂಡಿಯ ಗಾಲಿಗೆ ಸಿಕ್ಕಿ ಸಾಯುವುದರಿಂದ ಕೂದಲೆಳೆಯಲ್ಲಿ ಪಾರಾದ. ಅದೇ ದಿನ ದೂರದ ಊರಿನಲ್ಲಿದ್ದ ಅವನ ಅಕ್ಕನಿಗೆ ತಮ್ಮನಿಗೆ ಏನೋ ಕೆಡುಕಾಗಿದೆ ಎಂಬ ತಳಮಳ ಉಂಟಾಗಿ, ತಂದೆಯಿಂದ ತಂತಿ ಕಳಿಸಿದಳಂತೆ. ಮನಸ್ಸಿನಿಂದ ಮನಸ್ಸಿಗೆ ಏನೋ ಹರಿಯುತ್ತದೆ, ಅದನ್ನು ಹಿಡಿಯಬೇಕು ಎಂಬ ಹಂಬಲ ಬರ್ಗರನಿಗೆ ಹತ್ತಿದ್ದು ಆಗ. ಅವನು ಹುಡುಕಿದ ಆ ಪರಚಿತ್ತ ಜ್ಞಾನವೇನೂ ಸಿಗಲಿಲ್ಲ. ಸಿಕ್ಕಿದ್ದು ಬೇರೆ. 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದ. ತಾನು ಕಂಡದ್ದನ್ನು ತಾನೇ ನಂಬಲಾರದೆ ಐದು ವರ್ಷ ಮತ್ತೆ ಮತ್ತೆ ಪರೀಕ್ಷಿಸಿ, 1929ರಲ್ಲಿ ಪ್ರಕಟಿಸಿದ. ಕಣ್ಣು ಮುಚ್ಚಿ ಸುಮ್ಮನೆ ಕುಳಿತವರ ತಲೆಯಿಂದ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏಳುವ ಅಲೆಗೆ ‘ಆಲ್ಫಾ’ ಎಂದು ಹೆಸರಿಟ್ಟವನೂ ಅವನೇ.

ಜಗತ್ತು ಅವನನ್ನು ಕೂಡಲೇ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ಮತ್ತೆ ಮಾಡಿ ತೋರಿಸಿದ ಮೇಲಷ್ಟೇ ಇಇಜಿಗೆ ಮಾನ್ಯತೆ ಬಂತು. ಖಿನ್ನತೆಗೆ ಒಳಗಾಗಿದ್ದ ಬರ್ಗರ್ 1941ರಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಹೊಸೂರು ರಸ್ತೆಯ ಪಯಣ

ಬೆಂಗಳೂರಿನಲ್ಲಿ ಮೆದುಳಿನ ವಿಜ್ಞಾನ ಎಂದರೆ ನೆನಪಾಗುವುದು ನಿಮ್ಹಾನ್ಸ್. ಇದರ ಮೂಲ 1847ರಲ್ಲಿ ಆರಂಭವಾದ ಹುಚ್ಚಾಸ್ಪತ್ರೆ. 1925ರಲ್ಲಿ ಆ ಹೆಸರು ಹೋಗಿ ‘ಮಾನಸಿಕ ಆಸ್ಪತ್ರೆ’ಯಾಯಿತು. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರ ಡಿಸೆಂಬರಿನಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಸೇರಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಯಿತು. ಮನೋರೋಗ ಬೇರೆ, ನರರೋಗ ಬೇರೆ ಎಂದು ಗೋಡೆ ಕಟ್ಟದೆ ಎರಡನ್ನೂ ಒಂದೇ ಆವರಣದಲ್ಲಿ ನೋಡಿದ್ದು ಇಲ್ಲಿನ ವಿಶೇಷ. ಡಾ. ಎಂ.ವಿ. ಗೋವಿಂದಸ್ವಾಮಿ ಅವರಂಥವರು ಹಾಕಿಕೊಟ್ಟ ದಾರಿ ಅದು. ನರಶಸ್ತ್ರವೈದ್ಯ ಡಾ. ಆರ್.ಎಂ. ವರ್ಮಾ, ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುವವರಿಗೆ ತಲೆಬುರುಡೆಯ ತಳದಲ್ಲಿರುವ ಸಹಜ ರಂಧ್ರದ ಮೂಲಕ ಸೂಜಿ ಇಳಿಸಿ ಚಿಕಿತ್ಸೆ ಮಾಡುವ ವಿಧಾನ ರೂಪಿಸಿ ಹೆಸರಾದರು.

ಮೆದುಳಿನ ಅಲೆಗಳ ವಿಷಯದಲ್ಲಿ ಭಾರತದ ಮೊದಮೊದಲ ಕುತೂಹಲ ಕೆರಳಿದ್ದು ಯೋಗಿಗಳಿಂದ. 1957ರಲ್ಲಿ ಅಮೆರಿಕದಿಂದ ಬಂದ ಬಾಗ್ಚಿ ಮತ್ತು ವೆಂಗರ್ ಇಇಜಿ ಯಂತ್ರ ಹೊತ್ತು ಯೋಗಿಗಳನ್ನು ಹುಡುಕಿಕೊಂಡು ದೇಶ ಸುತ್ತಿದರು. 1961ರಲ್ಲಿ ದೆಹಲಿಯ ಆನಂದ್, ಛೀನಾ ಮತ್ತು ಬಲದೇವ್ ಸಿಂಗ್ ಅವರು, ಮಂಜಿನಂಥ ನೀರಿನಲ್ಲಿ ಮುಕ್ಕಾಲು ಗಂಟೆ ಕೈ ಇಟ್ಟುಕೊಂಡಿದ್ದರೂ ಆಲ್ಫಾ ಅಲೆ ಕದಡದ ಯೋಗಿಗಳ ಬಗ್ಗೆ ಬರೆದರು. ಮುಂದೆ ನಿಮ್ಹಾನ್ಸ್‌ನಲ್ಲಿಯೂ ಡಾ. ಟಿ. ದೇಸಿರಾಜು ಮತ್ತು ಸಂಗಡಿಗರು ಧ್ಯಾನ, ಪ್ರಾಣಾಯಾಮಗಳ ಅಧ್ಯಯನ ನಡೆಸಿದರು. ಅಂಗವಿಕಲರ ಪುನಶ್ಚೇತನಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಅಭ್ಯಾಸದಿಂದ ಮನುಷ್ಯ ತನ್ನ ಮೆದುಳಿನ ಅಲೆಯನ್ನು ತಾನೇ ಏರಿಳಿಸಬಲ್ಲ ಎಂಬುದು ನಿಜವಾದರೆ, ಆ ಏರಿಳಿತವನ್ನು ಒಂದು ಸ್ವಿಚ್ಚಿನಂತೆ ಬಳಸಬಹುದು!

ಅಲೆಯಿಂದ ಅಕ್ಷರಕ್ಕೆ

1969ರಲ್ಲಿ ಅಮೆರಿಕದ ಎಬರ್‌ಹಾರ್ಡ್ ಫೆಟ್ಸ್ ಒಂದು ಪ್ರಯೋಗ ಮಾಡಿದ. ಮಂಗದ ಮೆದುಳಿನ ಒಂದೇ ಒಂದು ನರಕೋಶಕ್ಕೆ ತಂತಿ ಜೋಡಿಸಿ, ಆ ಕೋಶ ಚುರುಕಾದಾಗ ಮುಂದಿನ ಮೀಟರಿನ ಮುಳ್ಳು ಸರಿಯುವಂತೆ ಮಾಡಿದ. ಮುಳ್ಳು ಸರಿದರೆ ಮಂಗಕ್ಕೆ ತಿನಿಸು. ಕೆಲ ನಿಮಿಷಗಳಲ್ಲೇ ಮಂಗ ಆ ಕೋಶವನ್ನು ಬೇಕೆಂದಾಗ ಚುರುಕುಗೊಳಿಸುವುದನ್ನು ಕಲಿತುಬಿಟ್ಟಿತು. 1973ರಲ್ಲಿ ಕ್ಯಾಲಿಫೋರ್ನಿಯಾದ ಜಾಕ್ ವಿಡಾಲ್ ಎಂಬ ವಿಜ್ಞಾನಿ ಮೆದುಳು ಮತ್ತು ಕಂಪ್ಯೂಟರು ನೇರವಾಗಿ ಮಾತಾಡುವುದು ಸಾಧ್ಯವೇ ಎಂದು ಲೇಖನ ಬರೆದು, ಈ ಕ್ಷೇತ್ರಕ್ಕೆ ಹೆಸರಿಟ್ಟ.

ಆಗಿನಿಂದ ತಲೆಬುರುಡೆ ತೆರೆಯದೆ, ಬರೀ ಟೊಪ್ಪಿಗೆಯಂಥ ಸಾಧನ ತೊಡಿಸಿ ಕೆಲಸ ಮಾಡಿಸುವ ಎರಡು ಮುಖ್ಯ ದಾರಿಗಳು ಬೆಳೆದವು.

ಮೊದಲನೆಯದನ್ನು ತಿಳಿಯಲು ಬನಶಂಕರಿಯ ಬಸ್ ನಿಲ್ದಾಣದಲ್ಲಿ ನಿಂತವರನ್ನು ನೆನೆಸಿಕೊಳ್ಳಿ. ಬಸ್ಸಿನ ಮೇಲೆ ಬಸ್ಸು ಬರುತ್ತದೆ. ಯಾವುದೂ ನಮ್ಮದಲ್ಲ. ಇದ್ದಕ್ಕಿದ್ದಂತೆ ನಮ್ಮ ನಂಬರಿನ ಬಸ್ಸು ತಿರುವಿನಲ್ಲಿ ಕಾಣಿಸಿದಾಗ ಒಳಗೆ ‘ಬಂತು’ ಎನ್ನುವ ಒಂದು ಮಿಡಿತ. ಕಾದದ್ದು ಕಂಡ ಸುಮಾರು 300 ಮಿಲಿಸೆಕೆಂಡಿಗೆ ಮೆದುಳಿನಲ್ಲಿ ಹೀಗೊಂದು ಅಲೆ ಏಳುತ್ತದೆ. ಅದಕ್ಕೆ ಪಿ-300 ಎಂದು ಹೆಸರು. 1988ರಲ್ಲಿ ಅಮೆರಿಕದ ಫಾರ್ವೆಲ್ ಮತ್ತು ಡಾಂಚಿನ್ ಇದರಿಂದ ಒಂದು ಬರೆಯುವ ಯಂತ್ರ ಮಾಡಿದರು. ಪರದೆಯ ಮೇಲೆ ಆರು ಸಾಲು, ಆರು ಕಂಬ. ಒಟ್ಟು 36 ಮನೆಗಳಲ್ಲಿ ಇಂಗ್ಲಿಷ್ ಅಕ್ಷರಗಳು ಮತ್ತಿತರ ಆಜ್ಞೆಗಳು. ಸಾಲು, ಕಂಬಗಳು ಒಂದೊಂದಾಗಿ ಮಿನುಗುತ್ತವೆ. ಬೇಕಾದ ಅಕ್ಷರ ಮಿನುಗಿದಾಗ ಮೆದುಳು ‘ಬಂತು’ ಎನ್ನುತ್ತದೆ. ಯಾವ ಸಾಲು, ಯಾವ ಕಂಬ ಎಂದು ಗೊತ್ತಾದರೆ ಅಕ್ಷರ ಸಿಕ್ಕಂತೆಯೇ. ವೇಗ ಮಾತ್ರ ನಿಮಿಷಕ್ಕೆ 2.3 ಅಕ್ಷರ.

ಎರಡನೆಯ ದಾರಿ ಚಲನೆಯ ಕಲ್ಪನೆಯದು. ಕೈ ಸುಮ್ಮನಿದ್ದಾಗ, ಅದನ್ನು ಆಡಿಸುವ ಮೆದುಳಿನ ಭಾಗದ ಕೋಶಗಳು ಭಜನೆಯ ತಾಳದಂತೆ ಒಟ್ಟಾಗಿ ಮಿಡಿಯುತ್ತಿರುತ್ತವೆ. ಕೈ ಎತ್ತಿದ ಕೂಡಲೇ, ಅಥವಾ ಎತ್ತಿದಂತೆ ಬರೀ ಕಲ್ಪಿಸಿಕೊಂಡರೂ, ಆ ತಾಳ ಚದುರಿಹೋಗುತ್ತದೆ. ನಿಜವಾಗಿ ಕೈ ಆಡಲೇಬೇಕೆಂದಿಲ್ಲ ಎನ್ನುವುದೇ ಇಲ್ಲಿ ಮುಖ್ಯ. 1991ರಲ್ಲಿ ಜೊನಾಥನ್ ವೋಲ್ಪಾ ಮತ್ತು ಸಂಗಡಿಗರು ಈ ತಾಳದ ಏರಿಳಿತದಿಂದ ಪರದೆಯ ಮೇಲಿನ ಗುರುತನ್ನು ಮೇಲೆ ಕೆಳಗೆ ಸರಿಸಿ ತೋರಿಸಿದರು. 1999ರಲ್ಲಿ ಜರ್ಮನಿಯ ನೀಲ್ಸ್ ಬಿರ್‌ಬಾಮರ್ ತಂಡ, ಇನ್ನೊಂದು ಬಗೆಯ ನಿಧಾನದ ಅಲೆಯನ್ನು ಬಳಸಿ, ಮೈಯೆಲ್ಲಾ ನಿಶ್ಚೇಷ್ಟಿತವಾಗಿದ್ದ ಇಬ್ಬರು ರೋಗಿಗಳಿಂದ ವಾಕ್ಯಗಳನ್ನು ಬರೆಸಿತು.

ಬುರುಡೆಯ ಒಳಗೆ

ಗೋಡೆಯಾಚೆ ನಿಂತು ಒಳಗಿನ ಮಾತು ಕೇಳುವುದಕ್ಕೂ ಕೋಣೆಯ ಒಳಗೇ ಕುಳಿತು ಕೇಳುವುದಕ್ಕೂ ವ್ಯತ್ಯಾಸವಿದೆಯಲ್ಲ? ಆದ್ದರಿಂದ ಶಸ್ತ್ರಕ್ರಿಯೆ ಮಾಡಿ ಮೆದುಳಿಗೇ ತಂತಿ ಇಳಿಸುವ ಸಾಹಸವೂ ನಡೆಯಿತು. 2004ರಲ್ಲಿ ಅಮೆರಿಕದ ‘ಬ್ರೇನ್‌ಗೇಟ್’ ಯೋಜನೆಯಲ್ಲಿ, ಇರಿತಕ್ಕೆ ಸಿಕ್ಕಿ ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಮ್ಯಾಥ್ಯೂ ನೇಗಲ್ ಎಂಬ ಯುವಕನ ಮೆದುಳಿನಲ್ಲಿ 96 ಸೂಕ್ಷ್ಮ ಮೊನೆಗಳ ಚಿಪ್ಪನ್ನು ಇರಿಸಲಾಯಿತು. ಅವನು ಯೋಚನೆಯಿಂದಲೇ ಟಿ.ವಿ. ಚಾನೆಲ್ ಬದಲಿಸಿದ, ಇ-ಮೇಲ್ ತೆರೆದ.

ಇದೇ ಯೋಜನೆಯ ಕ್ಯಾಥಿ ಹಚಿನ್ಸನ್ ಎಂಬಾಕೆ ಪಾರ್ಶ್ವವಾಯುವಿನಿಂದ ಕೈಕಾಲು, ಮಾತು ಎರಡನ್ನೂ ಕಳೆದುಕೊಂಡು ಸುಮಾರು 15 ವರ್ಷಗಳಾಗಿದ್ದವು. 2011ರಲ್ಲಿ ಆಕೆ ಯಂತ್ರದ ತೋಳನ್ನು ಮನಸ್ಸಿನಿಂದಲೇ ನಡೆಸಿ, ಕಾಫಿಯ ಬಾಟಲನ್ನು ತುಟಿಗೆ ತಂದುಕೊಂಡು ಹೀರಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಬದುಕಿನಲ್ಲಿ ಅನುಭವಿಸಿದವರಿಗಷ್ಟೇ ಆ ಗುಟುಕಿನ ಬೆಲೆ ಗೊತ್ತು.

ಅಲ್ಲಿಂದ ಮುಂದಿನ ಓಟ ಚುರುಕಾಯಿತು. 2021ರಲ್ಲಿ ಬೆನ್ನುಹುರಿಗೆ ಪೆಟ್ಟಾಗಿದ್ದ ಒಬ್ಬರು ಕೈಬರಹವನ್ನು ಬರೀ ಕಲ್ಪಿಸಿಕೊಂಡು ನಿಮಿಷಕ್ಕೆ 90 ಅಕ್ಷರ ಬರೆದರು. 2023ರಲ್ಲಿ, 18 ವರ್ಷಗಳಿಂದ ಮಾತು ನಿಂತುಹೋಗಿದ್ದ ಮಹಿಳೆಯೊಬ್ಬರ ಮೆದುಳಿನ ಸಂಕೇತಗಳನ್ನು ಕಂಪ್ಯೂಟರು ನಿಮಿಷಕ್ಕೆ 78 ಪದಗಳ ವೇಗದಲ್ಲಿ ಮಾತಾಗಿಸಿತು. 2024ರ ಜನವರಿಯಲ್ಲಿ ಇಲಾನ್ ಮಸ್ಕ್ ಅವರ ನ್ಯೂರಾಲಿಂಕ್ ಕಂಪನಿ ತನ್ನ ಸಾಧನವನ್ನು ಮೊದಲ ಸಲ ಮನುಷ್ಯನಿಗೆ ಅಳವಡಿಸಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ಕೆಲವು ವಾರಗಳಲ್ಲೇ ಮೆದುಳಿಗಿಳಿಸಿದ ಎಳೆಗಳಲ್ಲಿ ಹಲವು ಹಿಂದಕ್ಕೆ ಜಾರಿದ್ದವು. ತಂತ್ರಾಂಶವನ್ನು ತಿದ್ದಿ ಅದನ್ನು ಸರಿದೂಗಿಸಬೇಕಾಯಿತು. ಆ ಸುದ್ದಿ ಬಂದದ್ದು ಒಳಪುಟಗಳಲ್ಲಿ.

ಈ ಚರಿತ್ರೆಯಲ್ಲಿ ಉತ್ಪ್ರೇಕ್ಷೆಯೂ ಎಡವಟ್ಟೂ ಇವೆ. ಕಣ್ಣುಗುಡ್ಡೆಯೂ ಅಲುಗದ ರೋಗಿಗಳ ‘ಹೌದು’, ‘ಇಲ್ಲ’ಗಳನ್ನು ಹೊರಗಿನಿಂದಲೇ ಓದಿದೆವೆಂದು ಬಿರ್‌ಬಾಮರ್ ತಂಡ 2017ರಲ್ಲಿ ಪ್ರಕಟಿಸಿದ ಲೇಖನದ ಮೇಲೆ ಆಕ್ಷೇಪಗಳು ಎದ್ದು, ಜರ್ಮನಿಯಲ್ಲಿ ತನಿಖೆ ನಡೆದು, 2019ರಲ್ಲಿ ಲೇಖನವನ್ನು ಹಿಂದಕ್ಕೆ ಪಡೆಯಲಾಯಿತು. ಅಂಥದೇ ಸ್ಥಿತಿಯ ಮತ್ತೊಬ್ಬ ರೋಗಿ ಮೆದುಳಿನೊಳಗಿನ ಸಾಧನದಿಂದ ವಾಕ್ಯ ರಚಿಸಿದ ವರದಿ 2022ರಲ್ಲಿ ಬಂತು. ವೇಗ ನಿಮಿಷಕ್ಕೆ ಒಂದು ಅಕ್ಷರದಷ್ಟು. ಆತ ಕೇಳಿದ್ದು ಏನು? ಸೂಪು, ಬಿಯರು, ತನ್ನ ಪುಟ್ಟ ಮಗನ ಜೊತೆ ಕೂತು ನೋಡಲು ಒಂದು ಸಿನಿಮಾ.

ಕೈ ಮರಳಿ ಬಂದೀತೇ?

ಪುನಶ್ಚೇತನದ ಮಾತಿಗೆ ಬಂದರೆ ಇಲ್ಲಿ ಎರಡು ಬೇರೆ ಬೇರೆ ಉದ್ದೇಶಗಳಿವೆ. ಒಂದು, ಹೋದದ್ದರ ಬದಲಿಗೆ ಇನ್ನೊಂದನ್ನು ಕೊಡುವುದು. ಕಾಲಿಲ್ಲದವರಿಗೆ ಊರುಗೋಲಿದ್ದಂತೆ, ಮಾತಿಲ್ಲದವರಿಗೆ ಯಂತ್ರದ ದನಿ. ಎರಡು, ಹೋದದ್ದನ್ನು ಮೆದುಳಿಗೇ ಮತ್ತೆ ಕಲಿಸುವುದು. ಪಾರ್ಶ್ವವಾಯು ಹೊಡೆದವರ ವಿಷಯದಲ್ಲಿ ಎರಡನೆಯದೇ ಹೆಚ್ಚು ಮುಖ್ಯ.

ಮೆದುಳಿನ ಒಂದು ಭಾಗಕ್ಕೆ ರಕ್ತ ನಿಂತು ಅಲ್ಲಿನ ಕೋಶಗಳು ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಆದರೆ ಸುತ್ತಲಿನ ಭಾಗಗಳು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ವಹಿಸಿಕೊಳ್ಳಬಲ್ಲವು. ಅದಕ್ಕೆ ಬೇಕಾದದ್ದು ಮತ್ತೆ ಮತ್ತೆ ಅಭ್ಯಾಸ. ಫಿಜಿಯೋಥೆರಪಿಯ ಬುನಾದಿಯೇ ಇದು. ಆದರೆ ಕೈ ಒಂದಿಷ್ಟೂ ಆಡದವರು ಅಭ್ಯಾಸ ಮಾಡುವುದು ಹೇಗೆ? ಇಲ್ಲಿ ಯಂತ್ರ ನೆರವಿಗೆ ಬರುತ್ತದೆ. ರೋಗಿ ‘ಕೈ ತೆರೆಯಬೇಕು’ ಎಂದು ಮನಸ್ಸು ಮಾಡಿದ ಕ್ಷಣವನ್ನು ಇಇಜಿಯಿಂದ ಹಿಡಿದು, ಅದೇ ಕ್ಷಣದಲ್ಲಿ ಬೆರಳಿಗೆ ಕಟ್ಟಿದ ಸಾಧನ ಕೈಯನ್ನು ತೆರೆಸುತ್ತದೆ. ಬಯಕೆಯೂ ಚಲನೆಯೂ ಒಟ್ಟಿಗೆ ನಡೆದಾಗ ಮೆದುಳಿಗೆ ಕಳೆದುಹೋದ ದಾರಿಯ ಸುಳಿವು ಸಿಗುತ್ತದೆ. ಸಾಧನ ಮನಸ್ಸನ್ನು ಲೆಕ್ಕಿಸದೆ ತನ್ನಷ್ಟಕ್ಕೆ ಕೈ ಆಡಿಸಿದರೆ ಅಷ್ಟು ಫಲವಿಲ್ಲ. 2013ರಲ್ಲಿ ಜರ್ಮನಿಯಲ್ಲಿ 32 ಮಂದಿ ಹಳೆಯ ಪಾರ್ಶ್ವವಾಯು ರೋಗಿಗಳ ಮೇಲೆ ನಡೆದ ಅಧ್ಯಯನ ಇದನ್ನೇ ತೋರಿಸಿತು. 2021ರಲ್ಲಿ ಇಂಥ ಒಂದು ಕೈಗವಸಿಗೆ ಅಮೆರಿಕದ ಔಷಧ ಆಡಳಿತ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಕಾನ್ಪುರದ ಐಐಟಿ, ಬ್ರಿಟನ್ನಿನ ಅಲ್‌ಸ್ಟರ್ ವಿಶ್ವವಿದ್ಯಾಲಯದ ಜೊತೆಗೂಡಿ ಬೆರಳಾಡಿಸುವ ಇಂಥ ಸಾಧನ ರೂಪಿಸಿ, ಎರಡೂ ದೇಶಗಳ ಕೆಲವು ರೋಗಿಗಳ ಮೇಲೆ ಪರೀಕ್ಷಿಸಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಮತ್ತು ಅವರ ಶಿಷ್ಯರು, ತುಟಿ ಅಲುಗಿಸದೆ ಮನಸ್ಸಿನಲ್ಲೇ ಆಡಿಕೊಂಡ ಪದವನ್ನು ಇಇಜಿಯಿಂದ ಗುರುತಿಸಬಹುದೇ ಎಂದು ಸಂಶೋಧನೆ ನಡೆಸಿದ್ದಾರೆ. ಇದೇ ಪ್ರಯೋಗಾಲಯ ಅಂಧರಿಗೆ ನೆರವಾಗುವ ಕನ್ನಡದ ಅಕ್ಷರ ಗುರುತಿಸುವಿಕೆ ಮತ್ತು ಪಠ್ಯವನ್ನು ಓದಿಹೇಳುವ ತಂತ್ರಾಂಶಗಳ ಮೇಲೂ ಕೆಲಸ ಮಾಡಿದೆ ಎಂಬುದು ಗಮನಾರ್ಹ.

ಜೆ.ಪಿ. ನಗರದ ಪಾಠ

ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಅಂಗವಿಕಲರ ಸೇವೆಗೆ ತನ್ನದೇ ಆದ ಚರಿತ್ರೆಯಿದೆ. ಜೆ.ಪಿ. ನಗರದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ 1969ರಿಂದ ನಡೆದುಬಂದಿದೆ. ಜಯನಗರದ ಪೂರ್ವಕ್ಕೆ, ಬೈರಸಂದ್ರದ ಬಳಿಯಿರುವ ಸಂಜಯ ಗಾಂಧಿ ಆಸ್ಪತ್ರೆಗೆ ಅಪಘಾತದಲ್ಲಿ ಮೂಳೆ ಮುರಿದುಕೊಂಡವರು, ಬೆನ್ನಿಗೆ ಪೆಟ್ಟು ಬಿದ್ದವರು ಬರುತ್ತಾರೆ. ಜೆ.ಪಿ. ನಗರದ ಎರಡನೇ ಹಂತದಲ್ಲಿರುವ ಮೊಬಿಲಿಟಿ ಇಂಡಿಯಾ 1994ರಲ್ಲಿ ಹುಟ್ಟಿದ್ದು. ಕೃತಕ ಕಾಲು, ಕಾಲಿಗೆ ಕಟ್ಟುವ ಆಧಾರಪಟ್ಟಿ, ಗಾಲಿಕುರ್ಚಿಗಳನ್ನು ಒದಗಿಸುವುದಲ್ಲದೆ ಅವುಗಳನ್ನು ಮಾಡುವವರಿಗೆ ತರಬೇತಿಯನ್ನೂ ಕೊಡುವ ಸಂಸ್ಥೆ ಅದು. ಸ್ವತಃ ಅಂಗವಿಕಲರಾದ ಹೆಣ್ಣುಮಕ್ಕಳು ಅಲ್ಲಿ ಕುಶಲಕರ್ಮಿಗಳಾಗಿ ತಯಾರಾಗಿದ್ದಾರೆ.

ಈ ಕೆಲಸ ಮಾಡುವವರಿಗೆಲ್ಲ ತಿಳಿದಿರುವ ಒಂದು ಪಾಠವಿದೆ. ಸಾಧನವೆನ್ನುವುದು ತೊಡುವವರ ಬದುಕಿಗೆ ಒಗ್ಗಬೇಕು. ವಿದೇಶೀ ಮಾದರಿಯ ಕೃತಕ ಪಾದ ಬೂಟು ತೊಡುವವರಿಗೆ ಸರಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವ, ಕುಕ್ಕರಗಾಲಲ್ಲಿ ಕೂರುವ, ಬರಿಗಾಲಲ್ಲಿ ಗದ್ದೆಗಿಳಿಯುವವರಿಗೆ ಅದರಿಂದೇನು ಉಪಯೋಗ? 1960ರ ದಶಕದ ಕೊನೆಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಠಿ ಸೇರಿ ಮಾಡಿದ ರಬ್ಬರಿನ ‘ಜೈಪುರ ಕಾಲು’ ದೇಶವೆಲ್ಲ ಹಬ್ಬಿದ್ದು, ಅದು ಈ ನೆಲದ ನಡಿಗೆಯನ್ನು ಅರಿತದ್ದರಿಂದ.

ಕಾಲಿಗೆ ಒಪ್ಪುವ ಈ ಮಾತು ನಾಲಿಗೆಗೂ ಒಪ್ಪುತ್ತದೆ.

ನಲವತ್ತೊಂಬತ್ತು ಅಕ್ಷರಗಳ ಚೌಕ

36 ಮನೆಗಳ ಇಂಗ್ಲಿಷ್ ಚೌಕದಲ್ಲಿ ಕನ್ನಡ ಹಿಡಿಸುವುದಿಲ್ಲ. ನಮ್ಮ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರ. ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಬೇರೆ ಬೇರೆ ಮನೆಗಳಲ್ಲಿ ಇಡಹೊರಟರೆ ಪರದೆಯೇ ಸಾಲದು. ಆದರೆ ಇದಕ್ಕೊಂದು ಪರಿಹಾರ ಕನ್ನಡದ ಕಂಪ್ಯೂಟರ್ ಚರಿತ್ರೆಯಲ್ಲೇ ಇದೆ. ಕೆ.ಪಿ. ರಾವ್ ಅವರು ರೂಪಿಸಿದ, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾದ ಕೀಲಿಮಣೆಯ ತತ್ವ ಅದು: ಉಚ್ಚರಿಸುವ ಕ್ರಮದಲ್ಲೇ ವ್ಯಂಜನವನ್ನೂ ಸ್ವರವನ್ನೂ ಒಂದಾದ ಮೇಲೊಂದು ಒತ್ತಿದರೆ ಕಾಗುಣಿತ ತಾನಾಗಿ ಮೂಡುತ್ತದೆ.

ಅದೇ ತತ್ವದಿಂದ ಲೆಕ್ಕ ಹಾಕಿ ನೋಡಬಹುದು. ಎಂಟು ಸಾಲು, ಎಂಟು ಕಂಬದ ಚೌಕದಲ್ಲಿ 64 ಮನೆ. 49 ಅಕ್ಷರ ತುಂಬಿದರೆ ಉಳಿಯುವುದು 15. ಅರ್ಧಾಕ್ಷರದ ಚಿಹ್ನೆ, ಪದಗಳ ನಡುವಿನ ತೆರಪು, ಅಳಿಸುವ ಗುರುತು, ಪೂರ್ಣವಿರಾಮ, ಹತ್ತು ಅಂಕಿ. ಕೊನೆಯ ಮನೆ ಮನೆಯವರನ್ನು ಕರೆಯುವ ಗಂಟೆಗೆ! ಒಂದು ಸುತ್ತಿಗೆ 12 ಬಾರಿ ಮಿನುಗುವ ಕಡೆ 16 ಬಾರಿ ಮಿನುಗಬೇಕು, ಅಷ್ಟೇ. ‘ನೀರು’ ಎನ್ನಲು ನ, ಈ, ರ, ಉ ಎಂದು ನಾಲ್ಕು ಆಯ್ಕೆ ಸಾಕು. ‘ಬೆನ್ನು ನೋಯುತ್ತಿದೆ’ ಎನ್ನಲು ನಡುವಿನ ತೆರಪೂ ಸೇರಿ 17 ಆಯ್ಕೆ. 1988ರ ಯಂತ್ರದ ವೇಗದಲ್ಲಾದರೆ ಇದಕ್ಕೆ ಸುಮಾರು ಏಳೂವರೆ ನಿಮಿಷ ಬೇಕು. ಈಗಿನ ಯಂತ್ರಗಳು ಅದಕ್ಕಿಂತ ಚುರುಕು.

ಇದು ಆಗದ ಮಾತೇನಲ್ಲ. ರಾಯಪುರದ ಎನ್‌ಐಟಿಯ ಸಂಶೋಧಕರು ದೇವನಾಗರಿ ಲಿಪಿಗಾಗಿ ಇಂಥ ಪಿ-300 ಚೌಕವನ್ನು ರೂಪಿಸಿ, 2016ರ ವೇಳೆಗಾಗಲೇ ತಪ್ಪು ತಿದ್ದುವ ವಿಧಾನವನ್ನೂ ಪ್ರಕಟಿಸಿದ್ದಾರೆ. ಆದರೆ ನಿಮಿಷಕ್ಕೆ 78 ಪದ ಆಡುವ ಹೊಸ ಯಂತ್ರಗಳ ಕಥೆಯೇ ಬೇರೆ. ಅವು ಮೆದುಳಿನ ಸಂಕೇತದಿಂದ ಧ್ವನಿಯನ್ನು ಊಹಿಸಿ, ಮುಂದೆ ಯಾವ ಪದ ಬಂದೀತೆಂದು ಭಾಷೆಯ ಅಪಾರ ಬರಹ ಓದಿದ ತಂತ್ರಾಂಶದಿಂದ ತಿದ್ದಿಕೊಳ್ಳುತ್ತವೆ. ಅವು ಕಲಿತದ್ದು ಇಂಗ್ಲಿಷ್. 2024ರಲ್ಲಿ ಒಬ್ಬ ರೋಗಿಗಾಗಿ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಗುರುತಿಸುವ ಸಾಧನ ಬಂತು. ಕನ್ನಡವೊಂದನ್ನೇ ಬಲ್ಲ ಪಾವಗಡದ ರೈತನೋ ಬಸವನಗುಡಿಯ ಅಜ್ಜಿಯೋ ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡರೆ, ಯಂತ್ರಕ್ಕಾಗಿ ಇಂಗ್ಲಿಷ್ ಕಲಿಯಬೇಕೇ? ಹಾಸಿಗೆ ಹಿಡಿದವರಿಗೆ ಮೊದಲು ಬೇಕಾಗುವುದು ಅಮ್ಮನನ್ನು ಅಮ್ಮ ಎಂದೇ ಕರೆಯುವ ದನಿ.

ಯಂತ್ರ ಬರುವವರೆಗೆ

ಸಾಧನ ಬಂದರೂ ಸಮಸ್ಯೆ ಮುಗಿಯುವುದಿಲ್ಲ. ಅಮೆರಿಕದ ಕಂಪನಿಯೊಂದು ಅಂಧರ ಕಣ್ಣಿನೊಳಗೆ ಅಳವಡಿಸುತ್ತಿದ್ದ ‘ಆರ್ಗಸ್-2’ ಎಂಬ ಕೃತಕ ದೃಷ್ಟಿ ಸಾಧನದ ತಯಾರಿಕೆಯನ್ನು 2019ರಲ್ಲಿ ನಿಲ್ಲಿಸಿತು. ಅದನ್ನು ತೊಟ್ಟಿದ್ದ ಜಗತ್ತಿನ 350ಕ್ಕೂ ಹೆಚ್ಚು ಮಂದಿ, ದುರಸ್ತಿಗೆ ದಿಕ್ಕಿಲ್ಲದ ಯಂತ್ರವನ್ನು ಮೈಯೊಳಗೆ ಇಟ್ಟುಕೊಂಡು ಉಳಿದರು. ಊರುಗೋಲು ಮುರಿದರೆ ಬಡಗಿ ಸರಿಮಾಡಿಕೊಟ್ಟಾನು. ತಲೆಯೊಳಗಿನ ತಂತಿಗೆ ಹೊಣೆ ಯಾರು? ಮನಸ್ಸಿನಿಂದ ಹೊರಟ ಸಂಕೇತಗಳ ಒಡೆಯ ಯಾರು ಎಂಬುದೂ ಪ್ರಶ್ನೆಯೇ. ಚಿಲಿ ದೇಶ ಇದಕ್ಕಾಗಿಯೇ 2021ರಲ್ಲಿ ತನ್ನ ಸಂವಿಧಾನವನ್ನು ತಿದ್ದಿತು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2016ರ ಕಾಯ್ದೆ 21ನ್ನು ಗುರುತಿಸಿದೆ. ಅದಕ್ಕಿಂತ ಮುಖ್ಯವಾಗಿ, ‘ಸಂವಹನ’ ಎಂದರೆ ಬಾಯಿಮಾತಷ್ಟೇ ಅಲ್ಲ. ಬ್ರೈಲ್, ಸಂಜ್ಞೆ ಮತ್ತು ಮಾತಿಗೆ ಬದಲಾಗಿ ಬಳಸುವ ಇತರ ವಿಧಾನಗಳೂ ಸಂವಹನವೇ ಎಂದು ಅದು ಹೇಳುತ್ತದೆ. ಮಾತಿಲ್ಲದವರ ಮಾತಿಗೂ ಕಾನೂನಿನ ಮಾನ್ಯತೆ ಸಿಕ್ಕಂತಾಯಿತು.

ಈ ಮಾನ್ಯತೆ ಮನೆಯೊಳಗೆ ಬರಲು ಯಂತ್ರಕ್ಕಾಗಿಯೇ ಕಾಯಬೇಕಿಲ್ಲ. ಫ್ರಾನ್ಸಿನ ಪತ್ರಕರ್ತ ಜಾನ್ ಡೊಮಿನಿಕ್ ಬೊಬಿ 1995ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದಾಗ ಅವನ ಹತೋಟಿಯಲ್ಲಿ ಉಳಿದದ್ದು ಹೆಚ್ಚುಕಡಿಮೆ ಎಡಗಣ್ಣಿನ ರೆಪ್ಪೆಯೊಂದೇ. ಎದುರು ಕುಳಿತವರು, ಹೆಚ್ಚು ಬಳಕೆಯಲ್ಲಿರುವ ಅಕ್ಷರ ಮೊದಲು ಬರುವಂತೆ ಜೋಡಿಸಿದ ಅಕ್ಷರಮಾಲೆಯನ್ನು ಓದುತ್ತಾ ಹೋಗುವರು. ಬೇಕಾದ ಅಕ್ಷರ ಬಂದಾಗ ಅವನು ರೆಪ್ಪೆ ಮಿಟುಕಿಸುವನು. ಹೀಗೆ ಇಡೀ ಒಂದು ಪುಸ್ತಕವನ್ನೇ ಬರೆಸಿದ. ಅದು 1997ರಲ್ಲಿ ಪ್ರಕಟವಾಯಿತು.

ಕನ್ನಡಿಗರಿಗೆ ಈ ಕೆಲಸ ಇನ್ನೂ ಸುಲಭ. ವರ್ಗೀಯ ವ್ಯಂಜನಗಳನ್ನು ಐದು ಸಾಲು, ಐದು ಕಂಬಗಳಲ್ಲಿ ಶತಮಾನಗಳ ಹಿಂದೆಯೇ ಹಿರಿಯರು ಜೋಡಿಸಿಟ್ಟಿದ್ದಾರೆ. ಕಣ್ಣು ಮಿಟುಕಿಸಬಲ್ಲ, ಕಿವಿ ಕೇಳಿಸುವ ರೋಗಿಯ ಎದುರು ರಟ್ಟಿನ ಮೇಲೆ ಅದನ್ನು ದಪ್ಪಕ್ಷರದಲ್ಲಿ ಬರೆದು ಹಿಡಿಯಬಹುದು. ಕೆಳಗೆ ಯ, ರ, ಲ, ವಗಳ ಸಾಲು, ಪಕ್ಕದಲ್ಲಿ ಸ್ವರಗಳ ಸಾಲು. ‘ಕ ಸಾಲೇ? ಚ ಸಾಲೇ? ಟ ಸಾಲೇ? ತ ಸಾಲೇ?’ ಎಂದು ನಿಧಾನವಾಗಿ ಕೇಳಿ, ರೆಪ್ಪೆ ಮುಚ್ಚಿದಾಗ ಆ ಸಾಲಿನೊಳಗಿನ ಅಕ್ಷರಗಳನ್ನು ಒಂದೊಂದಾಗಿ ಓದಿದರಾಯಿತು. ಪಿ-300 ಯಂತ್ರ ಮಾಡುವುದೂ ಮೂಲತಃ ಇದನ್ನೇ. ವ್ಯತ್ಯಾಸವೆಂದರೆ ಇಲ್ಲಿ ಕರೆಂಟು ಬೇಡ. ಎದುರು ಕುಳಿತು ಕೇಳುವ ತಾಳ್ಮೆಯೊಂದು ಬೇಕು. ಮಾತು ನಿಂತ ಮನುಷ್ಯನಿಗೆ ಬುದ್ಧಿಯೂ ನಿಂತಿದೆಯೆಂದು ತಿಳಿದು, ಅವರ ಎದುರೇ ಅವರ ಬಗ್ಗೆ ಬೇರೆಯವರ ಹತ್ತಿರ ಮಾತಾಡುವ ಅಭ್ಯಾಸ ಮನೆಗಳಲ್ಲೂ ಆಸ್ಪತ್ರೆಗಳಲ್ಲೂ ಇದೆ. ಮೊದಲು ಬಿಡಬೇಕಾದದ್ದು ಅದನ್ನು.

ಕಣ್ಣೂ ಆಡದವರಿಗೆ ಮಾತ್ರ ಯಂತ್ರವಲ್ಲದೆ ಗತಿಯಿಲ್ಲ. ಅವರಿಗಾಗಿ ಆ ಯಂತ್ರ ಬೇಗ ಬರಬೇಕು, ಬಡವರಿಗೂ ಎಟುಕಬೇಕು, ಕನ್ನಡವನ್ನೂ ಕಲಿತು ಬರಬೇಕು. ಮೆದುಳಿನ ಅಲೆ ಹಿಡಿಯಬೇಕೆಂದು ಹೊರಟ ಬರ್ಗರ್ ದೂರದ ಅಕ್ಕನ ತಳಮಳಕ್ಕೆ ಕಾರಣ ಹುಡುಕುತ್ತಿದ್ದ. ನೂರು ವರ್ಷಗಳ ಮೇಲೆಯೂ ಈ ಶಾಸ್ತ್ರದ ಗುರಿ ಹೆಚ್ಚೇನೂ ಬದಲಾಗಿಲ್ಲ: ಹಾಸಿಗೆಯ ಮೇಲಿರುವವರ ಮನಸ್ಸಿನಲ್ಲಿ ಏನಿದೆ ಎಂಬುದು ಪಕ್ಕದಲ್ಲಿ ಕುಳಿತವರಿಗೆ ತಿಳಿಯಬೇಕು.